ಪುಸ್ತಕದ ಬದನೆಕಾಯಿಯೂ ಲೋಟದೊಳಗಿನ ಮೇಣದಬತ್ತಿಯೂ

ಒಂದು ತಟ್ಟೆ, ಅದರ ನಡುವೆ ನಿಲ್ಲಿಸಿದ ಒಂದು ಮೇಣದಬತ್ತಿ, ಸುತ್ತ ಒಂದು ಬೆರಳಿನಷ್ಟು ನೀರು, ಬೋರಲು ಹಾಕಲು ಒಂದು ಗಾಜಿನ ಲೋಟ. ಶಾಲೆಯಲ್ಲಿ ವಿಜ್ಞಾನ ಕಲಿತ ಎಲ್ಲರಿಗೂ ಈ ಚಿತ್ರ ಪರಿಚಿತ. ಬತ್ತಿ ಹೊತ್ತಿಸಿ ಲೋಟವನ್ನು ಕವುಚಿದರೆ ಸ್ವಲ್ಪ ಹೊತ್ತಿನಲ್ಲೇ ಜ್ವಾಲೆ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಏಕೆ ಎಂದು ಕೇಳಿದರೆ ಬರುವ ಉತ್ತರವೂ ಎಲ್ಲರಿಗೂ ಬಾಯಿಪಾಠ: ಗಾಳಿಯ ಐದನೆಯ ಒಂದು ಭಾಗ ಆಮ್ಲಜನಕ, ಬತ್ತಿ ಉರಿಯುವಾಗ ಅದು ಖರ್ಚಾಗುತ್ತದೆ, ಖಾಲಿಯಾದ ಜಾಗವನ್ನು ನೀರು ತುಂಬುತ್ತದೆ. ತಲೆಮಾರುಗಳಿಂದ ಈ ಉತ್ತರಕ್ಕೆ ಅಂಕ ಬಿದ್ದಿದೆ.

ಈಗ ಅದೇ ತಟ್ಟೆಯಲ್ಲಿ ಒಂದರ ಬದಲು ಮೂರು ಬತ್ತಿಗಳನ್ನು ಒತ್ತಾಗಿ ನಿಲ್ಲಿಸಿ, ಅದೇ ಲೋಟವನ್ನು ಕವುಚಿ ನೋಡಬೇಕು. ನೀರು ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ಲೋಟ ಅದೇ, ಅದರೊಳಗಿನ ಗಾಳಿ ಅಷ್ಟೇ, ಆಮ್ಲಜನಕವೂ ಅಷ್ಟೇ. ಹಾಗಿದ್ದ ಮೇಲೆ ಬತ್ತಿ ಮೂರಾದರೆ ನೀರು ಹೆಚ್ಚು ಏರುವುದೇಕೆ? ಇನ್ನೂ ಗಮನವಿಟ್ಟು ನೋಡಿದರೆ ಮತ್ತೆರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಲೋಟ ಕವುಚುವ ಹೊತ್ತಿಗೆ ಅದರ ಅಂಚಿನಿಂದ ಗುಳ್ಳೆಗಳು ಹೊರಬರುವುದುಂಟು. ನೀರು ಬತ್ತಿ ಉರಿಯುವಾಗ ಒಂದೇ ಸಮನೆ ಏರದೆ, ಬಹುಪಾಲು ಜ್ವಾಲೆ ಆರಿದ ಮೇಲೆ ಸರಕ್ಕನೆ ಏರುತ್ತದೆ.

ಕಾರಣ ಸರಳ. ಉರಿಯುವ ಬತ್ತಿಯ ಮೇಲೆ ಲೋಟ ಹಿಡಿದಾಗ ಅದರೊಳಗಿನ ಗಾಳಿ ಕಾದು ಹಿಗ್ಗಿ, ಒಂದಿಷ್ಟು ಹೊರಗೆ ಹೋಗಿರುತ್ತದೆ. ಜ್ವಾಲೆ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ; ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಬತ್ತಿ ಹೆಚ್ಚಿದಷ್ಟೂ ಕಾವು ಹೆಚ್ಚು, ಏರುವ ನೀರೂ ಹೆಚ್ಚು. ಆಮ್ಲಜನಕದ ಪಾತ್ರ ಇಲ್ಲಿ ತೀರ ಚಿಕ್ಕದು. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ ಸುಮಾರು 16ಕ್ಕೆ ಇಳಿಯುತ್ತಲೇ ಮೇಣದಬತ್ತಿ ಆರಿಹೋಗುತ್ತದೆ. ಉಳಿದದ್ದು ಲೋಟದಲ್ಲೇ ಇರುತ್ತದೆ. ಖರ್ಚಾದ ಆಮ್ಲಜನಕದ ಜಾಗದಲ್ಲೂ ಅದರ ಮೂರನೆಯ ಎರಡು ಭಾಗದಷ್ಟು ಇಂಗಾಲದ ಡೈಆಕ್ಸೈಡ್ ಬಂದು ಕೂತಿರುತ್ತದೆ. ಒಟ್ಟಿನಲ್ಲಿ, ಪುಸ್ತಕದ ವಾಕ್ಯ ತಪ್ಪು. ತಟ್ಟೆಯ ನೀರು ಸರಿ.

ಇದು ಒಂದು ಸಣ್ಣ ತಪ್ಪು ಎಂದು ಬಿಟ್ಟುಬಿಡಬಹುದು. ಆದರೆ ಇಷ್ಟು ಅಗ್ಗದ, ಇಷ್ಟು ಸುಲಭದ ಪ್ರಯೋಗದ ಬಗೆಗಿನ ತಪ್ಪು ಇಷ್ಟು ಕಾಲ ಹೇಗೆ ಉಳಿಯಿತು ಎಂಬ ಪ್ರಶ್ನೆ ಸಣ್ಣದಲ್ಲ. ಉತ್ತರ ಒಂದೇ: ಬಹಳ ಮಂದಿ ಇದನ್ನು ಓದಿದರು, ಬಹಳ ಕಡಿಮೆ ಮಂದಿ ಮಾಡಿ ನೋಡಿದರು. ಮಾಡಿದವರಲ್ಲೂ ಹೆಚ್ಚಿನವರು ಏನು ಕಾಣಬೇಕೆಂದು ಮೊದಲೇ ತಿಳಿದುಕೊಂಡು ನೋಡಿದರು. ಪುಸ್ತಕದ ಬದನೆಕಾಯಿ ಸಾರಿಗಾಗದು ಎಂಬ ಗಾದೆ ನಮ್ಮಲ್ಲಿ ಹಳೆಯದು. ಹೈಸ್ಕೂಲಿನ ವಿಜ್ಞಾನಕ್ಕೆ ಅದನ್ನು ಅನ್ವಯಿಸುವ ಯತ್ನ ನಡೆದು ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಆ ಯತ್ನದ ಏಳುಬೀಳುಗಳ ಕಥೆ ಕುತೂಹಲಕರವಾದದ್ದು.

ಕಮ್ಮಾರನ ಮಗನ ಉಪನ್ಯಾಸ

ಬೋರಲು ಪಾತ್ರೆಯೊಳಗಿನ ಬೆಂಕಿ ಮತ್ತು ಏರುವ ನೀರು ಮನುಷ್ಯನನ್ನು ಕಾಡಿದ್ದು ಇಂದು ನಿನ್ನೆಯಲ್ಲ. ಸುಮಾರು 2,200 ವರ್ಷಗಳ ಹಿಂದೆಯೇ ಬೈಜಾಂಟಿಯಮ್ಮಿನ ಫಿಲೋ ಎಂಬಾತ ಈ ಪ್ರಯೋಗವನ್ನು ವರ್ಣಿಸಿದ್ದ. ಆದರೆ ಮೇಣದಬತ್ತಿಯನ್ನು ಮಕ್ಕಳ ಮುಂದಿಟ್ಟು ಇಡೀ ರಸಾಯನ ವಿಜ್ಞಾನದ ಬಾಗಿಲು ತೆರೆದ ಕೀರ್ತಿ ಮೈಕೇಲ್ ಫ್ಯಾರಡೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಎಳೆಯರಿಗಾಗಿ ಉಪನ್ಯಾಸ ನಡೆಸುವ ಪದ್ಧತಿ 1825ರಲ್ಲಿ ಆರಂಭವಾಗಿತ್ತು. 1860-61ರ ರಜೆಯಲ್ಲಿ ಫ್ಯಾರಡೆ ಆರು ಉಪನ್ಯಾಸಗಳಲ್ಲಿ ಒಂದು ಮೇಣದಬತ್ತಿಯನ್ನಷ್ಟೇ ವಿಷಯವಾಗಿಟ್ಟುಕೊಂಡು, ಅದು ಹೇಗೆ ಕರಗುತ್ತದೆ, ಏನು ಉರಿಯುತ್ತದೆ, ಉರಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಪ್ರಯೋಗಗಳ ಮೂಲಕವೇ ತೋರಿಸಿಕೊಟ್ಟರು. ಕಮ್ಮಾರನ ಮಗನಾದ ಫ್ಯಾರಡೆ ಶಾಲೆ ಕಲಿತದ್ದು ಅತ್ಯಲ್ಪ. ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಕಟ್ಟಲು ಬಂದ ಪುಸ್ತಕಗಳನ್ನೇ ಓದಿ, ಓದಿದ್ದನ್ನು ತನ್ನ ಕೈಯಾರೆ ಮಾಡಿ ನೋಡಿ ಮುಂದೆ ಬಂದಿದ್ದರು. ಕೈಗೂ ತಲೆಗೂ ನಡುವೆ ಗೋಡೆ ಇಲ್ಲದ ವಿದ್ಯೆ ಅವರದು.

ಆದರೆ ಫ್ಯಾರಡೆಯ ಸಭೆಯಲ್ಲೂ ಮಕ್ಕಳು ನೋಡುಗರೇ, ಮಾಡುತ್ತಿದ್ದವರು ಫ್ಯಾರಡೆ. ಮಕ್ಕಳೇ ಮಾಡಬೇಕು ಎಂದು ಪಟ್ಟುಹಿಡಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್. 1880ರ ದಶಕದಿಂದ ಅವರು ಪ್ರಚಾರ ಮಾಡಿದ ವಿಧಾನಕ್ಕೆ 'ಹ್ಯೂರಿಸ್ಟಿಕ್' ಎಂದು ಹೆಸರು. ಆರ್ಕಿಮಿಡೀಸನ 'ಯುರೇಕಾ' ಎಂಬ ಉದ್ಗಾರ ಹುಟ್ಟಿದ ಗ್ರೀಕ್ ಧಾತುವಿನಿಂದಲೇ ಬಂದ ಪದ ಅದು. 'ತಾನೇ ಕಂಡುಕೊಳ್ಳುವುದು' ಎಂದರ್ಥ. ಹುಡುಗನಿಗೆ ಉತ್ತರ ಹೇಳಬೇಡಿ, ಅವನನ್ನು ಶೋಧಕನ ಸ್ಥಾನದಲ್ಲಿ ನಿಲ್ಲಿಸಿ ಎಂಬುದು ಆರ್ಮ್‌ಸ್ಟ್ರಾಂಗ್ ಅವರ ವಾದದ ತಿರುಳು.

ಅದೇ ಕಾಲಕ್ಕೆ ಅಮೆರಿಕದಲ್ಲಿ ಇನ್ನೊಂದು ದಿಕ್ಕಿನಿಂದ ಅದೇ ಕೆಲಸ ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಬರುವ ಹೈಸ್ಕೂಲು ವಿದ್ಯಾರ್ಥಿಗಳು ಮಾಡಿಬರಬೇಕಾದ ಭೌತವಿಜ್ಞಾನದ 40 ಪ್ರಯೋಗಗಳ ಪಟ್ಟಿಯನ್ನು 1886ರ ಸುಮಾರಿಗೆ ಸಿದ್ಧಪಡಿಸಲಾಯಿತು. ಅದನ್ನು ರೂಪಿಸಿದ ಎಡ್ವಿನ್ ಹಾಲ್ ಅವರ ಹೆಸರು, 1879ರಲ್ಲಿ ಅವರು ಕಂಡುಹಿಡಿದ 'ಹಾಲ್ ಪರಿಣಾಮ'ದಿಂದಾಗಿ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಪ್ರಯೋಗಗಳನ್ನು ಬರೆದಿಟ್ಟ ಪುಸ್ತಕವನ್ನು ತರಬೇಕು, ಪ್ರಯೋಗಶಾಲೆಯಲ್ಲಿ ನಿಂತು ಮಾಡಿಯೂ ತೋರಿಸಬೇಕು ಎಂಬ ನಿಯಮ ಬಂದದ್ದೇ ತಡ, ಅಲ್ಲಿಯ ಹೈಸ್ಕೂಲುಗಳು ಮೇಜು ಹಾಕಿ, ತಕ್ಕಡಿ ತರಿಸಿ, ಪ್ರಯೋಗಶಾಲೆ ಕಟ್ಟತೊಡಗಿದವು. ಶಾಲೆಯಲ್ಲಿ ಏನು ನಡೆಯಬೇಕೆಂಬುದನ್ನು ಕೊನೆಗೂ ತೀರ್ಮಾನಿಸುವುದು ಪರೀಕ್ಷೆಯೇ ಎಂಬ ಸತ್ಯಕ್ಕೆ ಇದೊಂದು ಹಳೆಯ ಸಾಕ್ಷಿ.

9.81ರ ಮಾಯೆ

ಪ್ರಯೋಗಶಾಲೆಗಳು ಬಂದವು. ಆದರೆ ಕೆಲವೇ ವರ್ಷಗಳಲ್ಲಿ ಅವುಗಳೊಳಗೆ ಹಳೆಯ ಭೂತವೇ ಹೊಸ ಅಂಗಿ ತೊಟ್ಟು ಬಂದು ಕೂತಿತು. ಪಟ್ಟಿಯಲ್ಲಿದ್ದ ಪ್ರಯೋಗವನ್ನು ಪಟ್ಟಿಯಲ್ಲಿದ್ದಂತೆಯೇ ಮಾಡುವುದು, ಬರಬೇಕಾದ ಉತ್ತರವನ್ನೇ ಬರಿಸುವುದು. ಮೊದಲು ಬಾಯಿಪಾಠ ಇತ್ತು. ಈಗ ಕೈಪಾಠ ಬಂತು. ಇತ್ತ ಆರ್ಮ್‌ಸ್ಟ್ರಾಂಗ್ ಅವರ ವಿಧಾನಕ್ಕೂ ಟೀಕೆ ಬಂತು. ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ನೂರಾರು ವರ್ಷ ಹಿಡಿದ ಶೋಧಗಳನ್ನು ಹದಿನಾಲ್ಕರ ಹುಡುಗ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ತಾನೇ ಮಾಡಬೇಕೆನ್ನುವುದು ಅತಿರೇಕ ಎಂಬುದು ಆ ಟೀಕೆ. 1918ರಲ್ಲಿ ಬ್ರಿಟನ್ನಿನ ಒಂದು ಸರ್ಕಾರಿ ಸಮಿತಿಯ ವರದಿಯೂ ಈ ಬಗೆಯ ಅತಿರೇಕದ ವಿರುದ್ಧ ಎಚ್ಚರಿಸಿತು. ಟೀಕೆಯಲ್ಲಿ ಹುರುಳಿತ್ತು. ಪರಮಾಣುವಿನ ಒಳಗನ್ನು ಯಾವ ಶಾಲೆಯ ಮೇಜಿನ ಮೇಲೂ ಹೊಸದಾಗಿ ಕಂಡುಹಿಡಿಯಲಾಗದು. ಅದನ್ನು ಓದಿ, ಕೇಳಿ ತಿಳಿಯಲೇಬೇಕು.

ಕೈಪಾಠದ ಕೇಡನ್ನು ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಓದಿದವರಿಗೆ ವಿವರಿಸಬೇಕಾಗಿಲ್ಲ. ಲೋಲಕದ ಪ್ರಯೋಗವನ್ನೇ ನೋಡಬಹುದು. ದಾರದ ತುದಿಗೆ ಗುಂಡು ಕಟ್ಟಿ ತೂಗಿ, ಎಷ್ಟು ಕಾಲಕ್ಕೆ ಎಷ್ಟು ತೂಗಾಟ ಎಂದು ಎಣಿಸಿ, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕಬೇಕು. ಉತ್ತರ ಸೆಕೆಂಡಿನ ವರ್ಗಕ್ಕೆ 9.81 ಮೀಟರ್ ಎಂಬುದು ಪುಸ್ತಕದಲ್ಲೇ ಇದೆ. ಹುಡುಗನಿಗೆ 9.5 ಬಂದರೆ? ಅವನು ಮತ್ತೊಮ್ಮೆ ಎಣಿಸುವುದಿಲ್ಲ. ದಾರದ ಉದ್ದವನ್ನು ಮತ್ತೆ ಅಳೆಯುವುದಿಲ್ಲ. ರಬ್ಬರು ತೆಗೆದು ಅಂಕಿಯನ್ನು ಅಳಿಸಿ, ಹಿಂದಿನಿಂದ ಲೆಕ್ಕ ಮಾಡಿ, ಉತ್ತರ ಬರುವಂಥ ಅಂಕಿಯನ್ನು ಬರೆಯುತ್ತಾನೆ. ರೆಕಾರ್ಡ್ ಪುಸ್ತಕಕ್ಕೆ ಕೆಂಪು ಶಾಯಿಯ ಸಹಿ ಬೀಳುತ್ತದೆ.

ಇಲ್ಲಿ ಒಂದು ವಿನೋದವೂ ಇದೆ. ಗುರುತ್ವ ಭೂಮಿಯ ಎಲ್ಲ ಕಡೆಯೂ ಒಂದೇ ಅಲ್ಲ. ಧ್ರುವಗಳ ಕಡೆ ಹೋದಂತೆ ಹೆಚ್ಚು, ಸಮಭಾಜಕದ ಕಡೆ ಬಂದಂತೆ ಕಡಿಮೆ. ಎತ್ತರದ ಜಾಗದಲ್ಲಿ ಇನ್ನೂ ಸ್ವಲ್ಪ ಕಡಿಮೆ. 9.81 ಎಂಬುದು ಲಂಡನ್ನಿನಂಥ ಊರಿಗೆ ಒಪ್ಪುವ ಬೆಲೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಸಮಭಾಜಕಕ್ಕೆ ಹತ್ತಿರದಲ್ಲಿರುವ ಬೆಂಗಳೂರಿನಲ್ಲಿ ಅದು 9.78ರ ಆಸುಪಾಸು. ದಾರ-ಗುಂಡುಗಳಿಂದ ಅಷ್ಟು ಸೂಕ್ಷ್ಮವಾಗಿ ಅಳೆಯುವುದು ಸುಲಭವಲ್ಲ, ನಿಜ. ಆದರೆ ಬೆಂಗಳೂರಿನ ಹುಡುಗಿಯೊಬ್ಬಳು ಶ್ರದ್ಧೆಯಿಂದ ಅಳೆದು 9.78 ಎಂದು ಬರೆದು, ಗೆಳತಿಯ ರೆಕಾರ್ಡಿನಲ್ಲಿ 9.81 ಇರುವುದನ್ನು ಕಂಡು ಅಳಿಸಿ ತಿದ್ದಿದರೆ, ಅವಳು ತನ್ನ ಕಣ್ಣನ್ನು ಸುಳ್ಳಾಗಿಸಿ ದೂರದ ಊರಿನ ಸತ್ಯವನ್ನು ತನ್ನದೆಂದು ಬರೆದಂತಾಯಿತು. ಪ್ರಯೋಗವಿಲ್ಲದ ಶಾಲೆ ಮಕ್ಕಳಿಗೆ ವಿಜ್ಞಾನ ಕಲಿಸದೆ ಹೋಗಬಹುದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವಾದರೋ ಸುಳ್ಳು ಬರೆಯುವುದನ್ನು ಕಲಿಸುತ್ತದೆ. ಎರಡನೆಯದು ಹೆಚ್ಚಿನ ನಷ್ಟ.

ಬಾಂಬಿಗೆ ತುತ್ತಾದ ಶಾಲೆಗಳಿಂದ ಬಂದ ಪುಸ್ತಕ

ಎರಡನೆಯ ಮಹಾಯುದ್ಧದ ನಂತರ ಈ ಕಥೆಗೆ ಎರಡು ಕಡೆಯಿಂದ ಹೊಸ ಜೀವ ಬಂತು. ಯುದ್ಧದಲ್ಲಿ ಹಾಳಾದ ದೇಶಗಳ ಶಾಲೆಗಳಲ್ಲಿ ಉಪಕರಣ ಹಾಗಿರಲಿ, ಕಟ್ಟಡವೇ ಇರಲಿಲ್ಲ. ಅಂಥ ಕಡೆ ವಿಜ್ಞಾನ ಕಲಿಸುವುದು ಹೇಗೆಂದು ತೋರಿಸಲು ಯುನೆಸ್ಕೊ 1948ರಲ್ಲಿ ಒಂದು ಚಿಕ್ಕ ಪುಸ್ತಕ ತಂದಿತು. ಡಬ್ಬ, ಬಾಟಲಿ, ತಂತಿ, ದಾರಗಳಿಂದ ಉಪಕರಣ ಮಾಡಿಕೊಳ್ಳುವ ಉಪಾಯಗಳು ಅದರಲ್ಲಿದ್ದವು. ಅದೇ ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ಆಕರ ಗ್ರಂಥವಾಗಿ ಪ್ರಕಟವಾಯಿತು. ಹಲವು ಭಾಷೆಗಳಿಗೆ ಹೋಯಿತು. ಯುದ್ಧದ ದಾರಿದ್ರ್ಯಕ್ಕೆಂದು ಬರೆದ ಪುಸ್ತಕ ಬಡ ದೇಶಗಳ ಉಪಾಧ್ಯಾಯರಿಗೆ ದೊಡ್ಡ ಆಸರೆಯಾಯಿತು.

ಇನ್ನೊಂದು ಕಡೆ, ಅಮೆರಿಕದ ಎಂ.ಐ.ಟಿ.ಯಲ್ಲಿ ಜೆರಾಲ್ಡ್ ಜಕರಾಯಸ್ ಅವರ ನೇತೃತ್ವದಲ್ಲಿ 1956ರಲ್ಲಿ ಭೌತವಿಜ್ಞಾನಿಗಳ ಒಂದು ತಂಡ ಹೈಸ್ಕೂಲಿನ ಭೌತವಿಜ್ಞಾನವನ್ನು ಬುಡದಿಂದ ಹೊಸದಾಗಿ ಬರೆಯಲು ಕೂತಿತು. ಮರುವರ್ಷ, 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಹಿಂದೆ ಬಿದ್ದೆವೆಂಬ ಭಯದಲ್ಲಿ ಅಮೆರಿಕದ ಸರ್ಕಾರ ಶಾಲೆಗಳ ವಿಜ್ಞಾನಕ್ಕೆ ಹಣ ಸುರಿಯಿತು. ಇಂಗ್ಲೆಂಡಿನಲ್ಲಿ 1962ರಲ್ಲಿ ನಫೀಲ್ಡ್ ಪ್ರತಿಷ್ಠಾನ ಇಂಥದೇ ಯೋಜನೆ ಹಿಡಿಯಿತು. ಮಕ್ಕಳು ಮಾಡಿ ಕಲಿಯಬೇಕು, ಆದರೆ ದಾರಿ ತೋರಿಸುವ ಉಪಾಧ್ಯಾಯ ಪಕ್ಕದಲ್ಲಿರಬೇಕು ಎಂಬ ನಡುದಾರಿ ಈ ಹೊತ್ತಿಗೆ ಸ್ಪಷ್ಟವಾಗಿತ್ತು.

ಭಾರತದಲ್ಲಿ ಕೊಠಾರಿ ಆಯೋಗ 1966ರ ತನ್ನ ವರದಿಯಲ್ಲಿ ಮೊದಲ ಹತ್ತು ವರ್ಷಗಳ ಶಿಕ್ಷಣದಲ್ಲಿ ಎಲ್ಲ ಮಕ್ಕಳಿಗೂ ವಿಜ್ಞಾನ ಕಡ್ಡಾಯವಾಗಬೇಕೆಂದು ಹೇಳಿತು. ಆದರೆ ವಿಷಯ ಕಡ್ಡಾಯವಾದ ಮಾತ್ರಕ್ಕೆ ಪ್ರಯೋಗ ಬರುವುದಿಲ್ಲ. ಬಹಳಷ್ಟು ಶಾಲೆಗಳಲ್ಲಿ ಪ್ರಯೋಗಶಾಲೆ ಎಂದರೆ ಒಂದು ಬೀರು. ಬೀರು ಎಂದರೆ ಒಂದು ಬೀಗ. ಒಳಗಿನ ಪ್ರನಾಳ ಒಡೆದರೆ ಲೆಕ್ಕ ಕೊಡಬೇಕಾದವರು ಉಪಾಧ್ಯಾಯರು. ಆದ್ದರಿಂದ ಬೀಗ ತೆಗೆಯದಿರುವುದೇ ಕ್ಷೇಮ. ಇದರ ಹಿಂದೆ ಇನ್ನೂ ಆಳದ ಕಾರಣವೊಂದಿದೆ. ಕೈಯಿಂದ ಮಾಡುವವರು ಒಂದು ಜಾತಿ, ಬಾಯಿಂದ ಹೇಳುವವರು ಇನ್ನೊಂದು ಜಾತಿ ಎಂದು ವಿಂಗಡಿಸಿಕೊಂಡು ಬಂದ ಸಮಾಜ ನಮ್ಮದು. ಕುಂಬಾರನಿಗೆ ಮಣ್ಣಿನ ಗುಣ ಗೊತ್ತು, ಬರಹ ಗೊತ್ತಿಲ್ಲ. ಪಂಡಿತನಿಗೆ ಬರಹ ಗೊತ್ತು, ಮಣ್ಣು ಮುಟ್ಟಿ ಗೊತ್ತಿಲ್ಲ. ಎಂಟು ಶತಮಾನಗಳಿಗೂ ಹಿಂದೆ ಕಾಯಕದ ಹಿರಿಮೆಯನ್ನು ಸಾರಿದ ಈ ನಾಡಿನಲ್ಲೂ ಆ ಗೋಡೆ ಬೀಳಲಿಲ್ಲ. ಗಾಂಧೀಜಿಯವರು 1937ರಲ್ಲಿ ಕೈಕಸುಬಿನ ಮೂಲಕ ಕಲಿಯುವ 'ನಯೀ ತಾಲೀಮ್' ಯೋಜನೆಯನ್ನು ವಾರ್ಧಾದಲ್ಲಿ ಮುಂದಿಟ್ಟದ್ದು ಈ ಗೋಡೆಯನ್ನು ಕಂಡೇ.

ಹೋಷಂಗಾಬಾದಿನ ಮೂವತ್ತು ವರ್ಷ

ಆ ಗೋಡೆಗೆ ಬಿದ್ದ ದೊಡ್ಡ ಪೆಟ್ಟು ಯಾವ ಮಹಾನಗರದಲ್ಲೂ ನಡೆಯಲಿಲ್ಲ. ಮಧ್ಯಪ್ರದೇಶದ ನರ್ಮದಾ ತೀರದ ಹೋಷಂಗಾಬಾದ್ ಜಿಲ್ಲೆಯಲ್ಲಿ (ಈಗಿನ ಹೆಸರು ನರ್ಮದಾಪುರಂ) 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಬೋಧನಾ ಕಾರ್ಯಕ್ರಮ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಜೆ ಹಾಕಿ ಬಂದು ಹಳ್ಳಿಯ ಉಪಾಧ್ಯಾಯರೊಡನೆ ನೆಲದ ಮೇಲೆ ಕೂತರು. ಶಾಲೆಗಳು ಸರ್ಕಾರದವೇ, ಉಪಾಧ್ಯಾಯರೂ ಸರ್ಕಾರದವರೇ. 1978ರಲ್ಲಿ ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಕಾರ್ಯಕ್ರಮ ವಿಸ್ತರಿಸಿತು. 1982ರಲ್ಲಿ ಇದರ ಹೊಣೆ ಹೊರಲೆಂದೇ 'ಏಕಲವ್ಯ' ಸಂಸ್ಥೆ ಹುಟ್ಟಿತು. ಮುಂದೆ ರಾಜ್ಯದ ಹಲವು ಜಿಲ್ಲೆಗಳ ನೂರಾರು ಶಾಲೆಗಳಿಗೆ ಅದು ಹಬ್ಬಿತು.

ಆರರಿಂದ ಎಂಟನೆಯ ತರಗತಿಯವರೆಗಿನ ಆ ಪಠ್ಯದ ಹೆಸರು 'ಬಾಲ್ ವೈಜ್ಞಾನಿಕ್', ಎಂದರೆ ಬಾಲ ವಿಜ್ಞಾನಿ. ಅದರಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚು. ನಾಲ್ಕೈದು ಮಕ್ಕಳ ಗುಂಪು, ಗುಂಪಿಗೆ ಒಂದಿಷ್ಟು ಸಾಮಾನು. ಹೀಗೆ ಮಾಡು, ಏನು ಕಂಡಿತು ಬರೆ, ಏಕೆ ಇರಬಹುದು ಚರ್ಚಿಸು ಎಂಬುದು ಪಾಠದ ನಡೆ. ಹೊಲದಿಂದ ತಂದ ಹೂವನ್ನು ಬಿಡಿಸಿ ನೋಡುವುದು, ಅಯೋಡಿನ್ ಹನಿಸಿ ಆಹಾರದಲ್ಲಿ ಪಿಷ್ಟವಿದೆಯೇ ಎಂದು ಪರೀಕ್ಷಿಸುವುದು, ಕೋಲು ನೆಟ್ಟು ನೆರಳನ್ನು ಅಳೆಯುವುದು ಇವೆಲ್ಲ ಪಾಠಗಳೇ.

ಅಳತೆಯ ಪಾಠವೊಂದನ್ನು ಊಹಿಸಿಕೊಳ್ಳಬಹುದು. ಒಂದೇ ಮೇಜಿನ ಉದ್ದವನ್ನು ತರಗತಿಯ ಎಲ್ಲರೂ ಅಳೆಯುತ್ತಾರೆ. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಯಾವುದು ಸರಿ? ಹಳೆಯ ಶಾಲೆಯಾದರೆ ಮೇಷ್ಟರಿಗೆ ಬಂದದ್ದು ಸರಿ. ಇಲ್ಲಿ ಎಲ್ಲ ಅಳತೆಗಳನ್ನೂ ಹಲಗೆಯ ಮೇಲೆ ಬರೆದು, ಅವು ಎಷ್ಟು ಹರಡಿವೆ, ಯಾವುದರ ಸುತ್ತ ಗುಂಪುಗೂಡಿವೆ ಎಂದು ನೋಡುತ್ತಾರೆ. ಯಾವ ಅಳತೆಯೂ ಪೂರ್ತಿ ಖಚಿತವಲ್ಲ, ಆದರೂ ಎಲ್ಲ ಅಳತೆಗಳೂ ಸಮಾನವಲ್ಲ ಎಂಬ ಅರಿವು ಹನ್ನೊಂದು ವರ್ಷದ ಮಗುವಿಗೆ ಹೀಗೆ ಬರುತ್ತದೆ. ಎಂಟನೆಯ ತರಗತಿಯಲ್ಲಿ ಸಂಭವನೀಯತೆಯ ಪಾಠಕ್ಕೆ ನಾಣ್ಯ ಚಿಮ್ಮಿ, ದಾಳ ಉರುಳಿಸಿ, ಎಣಿಸಿ ಬರೆಯುತ್ತಿದ್ದರು. ಚೌಕಾಬಾರ ಆಡಿ ಬೆಳೆದ ನಮ್ಮ ಮಕ್ಕಳಿಗೆ ಕವಡೆಯಿಂದಲೂ ಅದೇ ಪಾಠವನ್ನು ಹೇಳಿಕೊಡಬಹುದು. ನಾಣ್ಯಕ್ಕೆ ಎರಡು ಮುಖವೂ ಸಮ, ಕವಡೆಗೆ ಹಾಗಿಲ್ಲ. ಅಂಗಾತ ಎಷ್ಟು ಸಲ, ಬೋರಲು ಎಷ್ಟು ಸಲ ಎಂಬುದನ್ನು ಲೆಕ್ಕದಿಂದ ಹೇಳಲಾಗದು, ಎಸೆದೇ ನೋಡಬೇಕು.

ಕಾರ್ಯಕ್ರಮದ ನಿಜವಾದ ಧೈರ್ಯ ಕಂಡದ್ದು ಪರೀಕ್ಷೆಯಲ್ಲಿ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವ ಲಿಖಿತ ಪರೀಕ್ಷೆ, ಜೊತೆಗೆ ಕೈಯಿಂದ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ. ಪುಸ್ತಕ ಕೈಯಲ್ಲೇ ಇದ್ದರೂ ಅದರಲ್ಲಿ ಉತ್ತರವಿಲ್ಲದ ಮೇಲೆ ನಕಲಿಗೆ ಎಡೆಯೆಲ್ಲಿ? ಉಪಾಧ್ಯಾಯರಿಗೂ ಬೇಸಿಗೆಯಲ್ಲಿ ವಾರಗಟ್ಟಲೆ ತರಬೇತಿ, ತಿಂಗಳಿಗೊಮ್ಮೆ ಕೂಡಿ ಕಷ್ಟಸುಖ ಹೇಳಿಕೊಳ್ಳುವ ಸಭೆ ಇದ್ದವು. ಅಲ್ಲಿ ಅವರೂ ಮಕ್ಕಳಂತೆಯೇ ಪ್ರಯೋಗ ಮಾಡಬೇಕು. 'ಗೊತ್ತಿಲ್ಲ, ನೋಡೋಣ' ಎಂಬ ಮಾತನ್ನು ತರಗತಿಯ ಮುಂದೆ ನಿಂತು ಹೇಳಲು ಕಲಿತದ್ದೇ ಅವರಲ್ಲಿ ಬಹುಮಂದಿಗೆ ದೊಡ್ಡ ಕಲಿಕೆಯಾಗಿರಬೇಕು. ಮಕ್ಕಳು ತಮ್ಮ ಸಂದೇಹಗಳನ್ನು ಕಾಗದದಲ್ಲಿ ಬರೆದು ಕಳಿಸಲು 'ಸವಾಲಿರಾಮ್' ಎಂಬ ಕಾಲ್ಪನಿಕ ವ್ಯಕ್ತಿಯೊಬ್ಬನನ್ನೂ ಸೃಷ್ಟಿಸಲಾಗಿತ್ತು.

ಇದೇ ಹೋಷಂಗಾಬಾದಿಗೆ 1978ರಲ್ಲಿ ಬಂದವರು ಕಾನಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತ. ಸಂತೆಯಲ್ಲಿ ಸಿಗುವ ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡು ಮಾಡಿ, ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ಅವರು ಕಟ್ಟಿದ ತ್ರಿಕೋನ, ಚೌಕ, ಗೋಪುರಗಳು ರೇಖಾಗಣಿತಕ್ಕೆ ಮೈ ಕೊಟ್ಟವು. ಕಸದಿಂದ ಆಟಿಕೆ, ಆಟಿಕೆಯಿಂದ ವಿಜ್ಞಾನ ಎಂಬ ಅವರ ದಾರಿ ಮುಂದೆ ದೇಶದಾದ್ಯಂತ ಹೆಸರಾಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು ಮಧ್ಯಪ್ರದೇಶ ಸರ್ಕಾರ 2002ರಲ್ಲಿ ನಿಲ್ಲಿಸಿತು. ದೇಶದ ಹಲವು ವಿಜ್ಞಾನಿಗಳು, ಶಿಕ್ಷಣತಜ್ಞರು ಪ್ರತಿಭಟಿಸಿದರೂ ತೀರ್ಮಾನ ಬದಲಾಗಲಿಲ್ಲ. ಇಂಥ ಕಾರ್ಯಕ್ರಮಗಳ ವಿರುದ್ಧ ಬರುವ ವಾದಗಳನ್ನು ತಳ್ಳಿಹಾಕುವಂತಿಲ್ಲ. ರಾಜ್ಯದ ಉಳಿದ ಮಕ್ಕಳು ಒಂದು ಪುಸ್ತಕ ಓದುವಾಗ ಕೆಲವು ಜಿಲ್ಲೆಯ ಮಕ್ಕಳು ಮಾತ್ರ ಬೇರೆ ಪುಸ್ತಕ ಓದಿದರೆ, ಹೈಸ್ಕೂಲಿಗೆ ಹೋದಾಗ ಮಾಹಿತಿಯಲ್ಲಿ ಹಿಂದೆ ಬೀಳುವುದಿಲ್ಲವೇ? ನಿಜಕ್ಕೂ ಇದು ತಂದೆತಾಯಿಗಳ ಆತಂಕ. ಬಡ ರೈತನ ಮಗನಿಗೆ ಹತ್ತನೆಯ ತರಗತಿಯ ಅಂಕಪಟ್ಟಿ ಒಂದು ಬದುಕಿನ ಬಾಗಿಲು. 'ಏಕೆ' ಎಂದು ಕೇಳುವ ಬುದ್ಧಿಯನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಎಂಟನೆಯ ತರಗತಿಯವರೆಗೆ ಮಾಡಿ ಕಲಿತ ಮಗು ಒಂಬತ್ತರಲ್ಲಿ ಮತ್ತೆ ಉರು ಹೊಡೆಯುವ ಶಾಲೆಗೆ ಸೇರಬೇಕಾದರೆ ತಪ್ಪು ಮಗುವಿನದಲ್ಲ. ಸೇತುವೆಯನ್ನು ನಡುಹೊಳೆಯವರೆಗೆ ಮಾತ್ರ ಕಟ್ಟಿದಂತಾಯಿತು. ಆದರೆ ಸೇತುವೆ ಅರ್ಧವಾಯಿತೆಂದು ಕಟ್ಟಿದ್ದನ್ನು ಕೆಡವುವುದೇ, ಮುಂದೆ ಕಟ್ಟುವುದೇ ಎಂಬ ಪ್ರಶ್ನೆ ಉಳಿಯುತ್ತದೆ.

ಕನ್ನಡ ನಾಡಿನಲ್ಲಿ

ಕರ್ನಾಟಕದಲ್ಲಿ ಇಂಥ ಕೆಲಸ ಹೆಚ್ಚಾಗಿ ನಡೆದದ್ದು ತರಗತಿಯ ಹೊರಗೆ. ಗೌರಿಬಿದನೂರಿನ ಕಡೆಯ ಹಳ್ಳಿಯಿಂದ ಬಂದು ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರಕ್ಕೊಂದು ವಿಜ್ಞಾನ ಉಪನ್ಯಾಸ, ಯಾರು ಬೇಕಾದರೂ ಬಂದು ಕೇಳಬಹುದು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದನ್ನು ಅವರು ಬದುಕಿನಲ್ಲೂ ನಡೆಸಿದರು. 1965ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಗುಂಡಿ ಒತ್ತಿ, ಹಿಡಿ ತಿರುಗಿಸಿ ಯಂತ್ರಗಳನ್ನು ಅರಿಯಬಹುದಾಯಿತು. 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ ಹೊರಟಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರೂಪುಗೊಂಡಿತು. ವಿಜ್ಞಾನವನ್ನು ಕನ್ನಡದಲ್ಲೇ ಯೋಚಿಸಬಹುದು ಎಂಬ ನೆಲೆಗಟ್ಟನ್ನು ಜೆ.ಆರ್. ಲಕ್ಷ್ಮಣರಾವ್ ಮೊದಲಾದವರು ಹಾಕಿಕೊಟ್ಟರು.

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಆರಂಭವಾದ ಮೇಲೆ ಹಳ್ಳಿಯ ಶಾಲೆಗಳ ಮಕ್ಕಳೂ ತಮ್ಮೂರ ಕೆರೆ, ಕಸ, ಬೆಳೆಗಳನ್ನು ಅಧ್ಯಯನ ಮಾಡಿ ತಮ್ಮ ಭಾಷೆಯಲ್ಲೇ ವರದಿ ಮಂಡಿಸುವ ಅವಕಾಶ ಬಂತು. 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಪ್ರತಿಷ್ಠಾನ ಪ್ರಯೋಗದ ಸಾಮಾನುಗಳನ್ನು ವಾಹನದಲ್ಲಿ ಹೇರಿಕೊಂಡು ಸರ್ಕಾರಿ ಶಾಲೆಗಳ ಅಂಗಳಕ್ಕೇ ಒಯ್ಯುವ ಪರಿಪಾಠ ಬೆಳೆಸಿತು. 2016ರಲ್ಲಿ ಕೇಂದ್ರ ಸರ್ಕಾರ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆ ತಂದು, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ ಆಯ್ದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ನೆರವು ಕೊಡತೊಡಗಿತು. ಮೂರು ಆಯಾಮದ ಮುದ್ರಣ ಯಂತ್ರವೂ ರೋಬಾಟಿನ ಬಿಡಿಭಾಗಗಳೂ ಶಾಲೆಗೆ ಬಂದವು.

ಇವೆಲ್ಲ ಸ್ವಾಗತಾರ್ಹವೇ. ಆದರೆ ಬೀರುವಿನ ಬೀಗದ ಕಥೆಯನ್ನು ಮರೆಯುವಂತಿಲ್ಲ. ಸಾಮಾನು ದುಬಾರಿಯಾದಷ್ಟೂ ಬೀಗ ಗಟ್ಟಿಯಾಗುತ್ತದೆ. ವರ್ಷಕ್ಕೊಮ್ಮೆ ಬರುವ ವಾಹನ ಹಬ್ಬದೂಟದಂತೆ. ದಿನದ ಊಟ ತರಗತಿಯಲ್ಲೇ ಆಗಬೇಕು. ಅದಕ್ಕೆ ಬೇಕಾದ ಸಾಮಾನು ನಿಜಕ್ಕೂ ಕಡಿಮೆ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಮೆಲ್ಲನೆ ತೂಗಿಬಿಟ್ಟರೆ ಇಪ್ಪತ್ತು ತೂಗಾಟಕ್ಕೆ ಸುಮಾರು ನಲವತ್ತು ಸೆಕೆಂಡು ಹಿಡಿಯುತ್ತದೆ. ಕಲ್ಲನ್ನು ಬದಲಿಸಿ ಭಾರ ಹೆಚ್ಚಿಸಿದರೂ ಅಷ್ಟೇ. ದಾರವನ್ನು ಅರ್ಧ ಮಾಡಿದರೆ ಕಾಲ ಅರ್ಧವಾಗುತ್ತದೆಯೇ? ಇಲ್ಲ. ಕಾಲು ಭಾಗ, ಎಂದರೆ 25 ಸೆಂಟಿಮೀಟರ್ ಮಾಡಿದಾಗ ಇಪ್ಪತ್ತು ತೂಗಾಟ ಸುಮಾರು ಇಪ್ಪತ್ತು ಸೆಕೆಂಡಿಗೆ ಬರುತ್ತದೆ. ಈ ಕಾಲು-ಅರ್ಧದ ಸಂಬಂಧವನ್ನು ತಾನೇ ಹಿಡಿದ ಹುಡುಗಿಗೆ ವರ್ಗಮೂಲದ ಸೂತ್ರ ಹಲಗೆಯ ಮೇಲೆ ಬಂದಾಗ ಅದು ಅಪರಿಚಿತ ನೆಂಟನಲ್ಲ. ಖರ್ಚು, ಹೆಚ್ಚೆಂದರೆ ಮೂರು ಮೊಳ ದಾರ.

ಕಾಸಿಗಿಂತ ಹೆಚ್ಚಾಗಿ ಬೇಕಾದದ್ದು ಎರಡು. ಮೊದಲನೆಯದು ಸಮಯ: ತಪ್ಪು ಬಂದರೆ ಮತ್ತೆ ಮಾಡಿ ನೋಡುವಷ್ಟು ಬಿಡುವು. ಎರಡನೆಯದು ಪರೀಕ್ಷೆಯ ಮನಸ್ಸು: ಬಂದ ಅಂಕಿಯನ್ನು ಬಂದಂತೆ ಬರೆದು, ಏಕೆ ಹೀಗೆ ಬಂತೆಂದು ಯೋಚಿಸಿದ ಮಗುವಿಗೆ ಅಂಕ ಕೊಡುವ ಉದಾರತೆ. ಉಪಕರಣದ ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸಿದರೆ ಸಾಕು ಎನ್ನುವ ಪ್ರಶ್ನೆಪತ್ರಿಕೆ ಇರುವಷ್ಟು ಕಾಲ ಉಪಕರಣ ಚಿತ್ರದಲ್ಲೇ ಉಳಿಯುತ್ತದೆ. ಹಾರ್ವರ್ಡಿನ ಪ್ರವೇಶ ನಿಯಮವೊಂದು ಬದಲಾದಾಗ ಸಾವಿರಾರು ಮೈಲಿಯ ಶಾಲೆಗಳು ಬದಲಾದದ್ದು, ಪುಸ್ತಕ ತೆರೆದು ಬರೆಯುವ ಪರೀಕ್ಷೆ ಹೋಷಂಗಾಬಾದಿನ ತರಗತಿಗಳನ್ನು ಕಾಯ್ದದ್ದು, ಎರಡೂ ಹೇಳುವುದು ಇದನ್ನೇ.

ಕೊನೆಗೆ ಮತ್ತೆ ಆ ಲೋಟ. ಗಾಳಿಯ ಐದನೆಯ ಒಂದು ಭಾಗ ಆಮ್ಲಜನಕ ಎಂಬುದೇನೂ ಸುಳ್ಳಲ್ಲ. ಮೇಣದಬತ್ತಿ ಅದಕ್ಕೆ ಸರಿಯಾದ ಸಾಕ್ಷಿಯಲ್ಲ, ಅಷ್ಟೇ. ಸರಿಯಾದ ಸಾಕ್ಷಿ ಬೇಕಾದವರು ಲೋಟದ ಒಳಮೈಯನ್ನು ಒದ್ದೆ ಮಾಡಿ, ಕಬ್ಬಿಣದ ಪುಡಿ ಉದುರಿಸಿ ಅಂಟಿಸಿ, ನೀರಿನ ತಟ್ಟೆಯಲ್ಲಿ ಬೋರಲು ಇಟ್ಟು ಕಾಯಬೇಕು. ಇಲ್ಲಿ ಬೆಂಕಿಯಿಲ್ಲ, ಕಾವಿಲ್ಲ, ಗುಳ್ಳೆಯಿಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಅದರ ಜಾಗಕ್ಕೆ ಬೇರೆ ಅನಿಲ ಬರುವುದಿಲ್ಲ. ದಿನಗಳು ಕಳೆದಂತೆ ನೀರು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಏರಿ, ಲೋಟದ ಐದನೆಯ ಒಂದು ಭಾಗದ ಸುಮಾರಿಗೆ ಬಂದು ನಿಲ್ಲುತ್ತದೆ. ಆಮೇಲೆ ಎಷ್ಟು ದಿನ ಇಟ್ಟರೂ ಏರುವುದಿಲ್ಲ. ಒಂದು ಪಿರಿಯಡ್ಡಿನಲ್ಲಿ ಮುಗಿಯದ ಈ ಪ್ರಯೋಗಕ್ಕೆ ಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟದಷ್ಟು ಜಾಗ, ದಿನವೂ ಬಂದು ಗೆರೆ ಎಳೆದು ಹೋಗುವ ಮಗುವೊಂದು ಇದ್ದರೆ ಸಾಕು.